ಹೆಸರಿಲ್ಲದವರಲ್ಲಿ ನಾಯಕ ಯಾರು?

ಒಂದೇ ಮೆಮೊರಿಯನ್ನು ಹಂಚಿಕೊಂಡ ಪ್ರೋಗ್ರಾಂಗಳಿಗೆ ಗುರುತಿನ ಸಂಖ್ಯೆ ಇಲ್ಲದಿದ್ದರೆ, ಅವು ತಮ್ಮಲ್ಲೊಂದನ್ನು ನಾಯಕನಾಗಿ ಆರಿಸಿಕೊಳ್ಳಬಲ್ಲವೇ?

ಬರೀ ಓದುವುದು, ಬರೆಯುವುದು ಇಷ್ಟರಿಂದಲೇ ಆದರೆ ಖಾತರಿಯಿಲ್ಲ. ಕಪ್ಪುಹಲಗೆಯ ಮುಂದೆ ಒಂದೇ ಸೂಚನೆ ಪಾಲಿಸುವ, ಒಂದೇ ಕೈಬರಹದ ಇಬ್ಬರು ಹುಡುಗರನ್ನು ಊಹಿಸಿಕೊಳ್ಳಿ. ಹಲಗೆ ಖಾಲಿಯಿರುವುದನ್ನು ಇಬ್ಬರೂ ನೋಡುತ್ತಾರೆ. ಒಬ್ಬ ‘ನಾನೇ ನಾಯಕ’ ಎಂದು ಬರೆಯುತ್ತಾನೆ; ಇನ್ನೊಬ್ಬ ಅದನ್ನು ಒರೆಸಿ ಅದನ್ನೇ ಬರೆಯುತ್ತಾನೆ. ಮತ್ತೆ ನೋಡಿದಾಗ ಇಬ್ಬರಿಗೂ ಕಾಣುವುದು ಅದೇ ಸಾಲು. ಬರೆದವರು ಯಾರೆಂಬ ಸುಳಿವೇ ಇಲ್ಲ! ಹೀಗೆ ಹೆಜ್ಜೆಗೆ ಹೆಜ್ಜೆ ಸೇರಿಸಿ ನಡೆದರೆ ಎಷ್ಟು ಸುತ್ತು ಕಳೆದರೂ ಇಬ್ಬರ ನಡುವೆ ವ್ಯತ್ಯಾಸ ಹುಟ್ಟದು. ಸಂದೇಶ ಕಳಿಸಿಕೊಳ್ಳುವ ಅನಾಮಿಕ ಜಾಲಗಳಲ್ಲೂ ಇದೇ ತೊಡಕಿದೆಯೆಂದು ಕಂಪ್ಯೂಟರ್ ವಿಜ್ಞಾನಿ ಡಾನಾ ಆಂಗ್ಲುಯಿನ್ 1980ರಲ್ಲೇ ತೋರಿಸಿದರು. ಈ ತೊಡಕಿನಿಂದ ಪಾರಾಗಲು ಒಂದು ಸೊಗಸಾದ ದಾರಿಯಿದೆ. ಪ್ರತಿ ಪ್ರೋಗ್ರಾಂ ಯಾದೃಚ್ಛಿಕವಾಗಿ ಒಂದು ಸಂಖ್ಯೆ ಆರಿಸಿಕೊಳ್ಳಬೇಕು. ಸಂಖ್ಯೆಗಳು ಬೇರೆಯಾದ ಸುತ್ತಿನಲ್ಲೇ ಅವುಗಳ ನಡುವಿನ ಸಮತೆ ಮುರಿಯುತ್ತದೆ.