ಮಕ್ಕಳ ಸಂಧಿವಾತ ಮತ್ತು ಕೆಳದವಡೆಯ ಬೆಳವಣಿಗೆ

ಸಂಧಿವಾತವು ಮುಪ್ಪಿನ ವ್ಯಾಧಿಯೆಂಬ ಗ್ರಹಿಕೆ ನಮ್ಮಲ್ಲಿ ಬಲವಾಗಿದೆ. ಆದರೆ ಹದಿನಾರು ವರ್ಷ ತುಂಬುವ ಮೊದಲೇ ಕೀಲು ಊದಿ, ಆರು ವಾರವಾದರೂ ಇಳಿಯದೆ, ಬೇರಾವ ಕಾರಣವೂ ಕಾಣದಿದ್ದಲ್ಲಿ ವೈದ್ಯಶಾಸ್ತ್ರವು ಅದನ್ನು 'ಜುವೆನೈಲ್ ಇಡಿಯೋಪಥಿಕ್ ಆರ್ಥ್ರೈಟಿಸ್' ಎಂದು ಗುರುತಿಸುತ್ತದೆ. ಮಕ್ಕಳ ಕೀಲುರೋಗವನ್ನು ಲಂಡನ್ನಿನ ವೈದ್ಯ ಜಾರ್ಜ್ ಫ್ರೆಡರಿಕ್ ಸ್ಟಿಲ್ 1897ರಲ್ಲಿಯೇ ವಿವರವಾಗಿ ವರ್ಣಿಸಿದ್ದರು. ಮೊಣಕಾಲು, ಮಣಿಕಟ್ಟುಗಳಲ್ಲಿ ಎದ್ದು ಕಾಣುವ ಈ ರೋಗವು ಕಿವಿಯ ಮುಂದಿರುವ ದವಡೆಯ ಕೀಲಿನಲ್ಲಿ ಮಾತ್ರ ಬಹುವೇಳೆ ಮರೆಯಲ್ಲಿಯೇ ಇರುತ್ತದೆ.

ಇದರ ಗಾಂಭೀರ್ಯವು ಆ ಕೀಲಿನ ರಚನೆಯಲ್ಲಿದೆ. ಕೈಕಾಲುಗಳ ನೀಳ ಮೂಳೆಗಳಲ್ಲಿ ಬೆಳವಣಿಗೆಯ ಮೃದ್ವಸ್ಥಿಯು ಕೀಲಿನ ಮೇಲ್ಮೈಯಿಂದ ತುಸು ದೂರದಲ್ಲಿರುತ್ತದೆ. ಕೆಳದವಡೆಯ ತುದಿಯಲ್ಲಾದರೋ ಅದು ತೆಳುವಾದ ನಾರುಪದರದ ಅಡಿಯಲ್ಲಿಯೇ ಇದೆ. ಆದ್ದರಿಂದ ಕೀಲಿನ ಉರಿಯೂತವು ಬೆಳವಣಿಗೆಯ ನೆಲೆಯನ್ನೇ ತಾಕುತ್ತದೆ. ಒಂದು ಬದಿ ಕುಂಠಿತವಾದರೆ ಗದ್ದವು ಅದೇ ಬದಿಗೆ ವಾಲುತ್ತದೆ. ಎರಡೂ ಬದಿ ಕುಂಠಿತವಾದರೆ ಗದ್ದ ಹಿಂಜರಿದು, ಮೇಲಿನ ಹಾಗೂ ಕೆಳಗಿನ ಮುಂಬಲ್ಲುಗಳು ಕೂಡದೆ ನಡುವೆ ತೆರಪು ಉಳಿಯಬಹುದು. ಪಾಶ್ಚಾತ್ಯ ಗ್ರಂಥಗಳು ಇದನ್ನು 'ಹಕ್ಕಿಮುಖ'ವೆಂದಿವೆ. ಮಗುವಿನ ಎದುರಿನಲ್ಲಿ ಆಡಬಾರದ ಮಾತದು. ವಜ್ರಾಯುಧದ ಪೆಟ್ಟಿನಿಂದ ಹನು ಮುರಿದ ಬಾಲಕನನ್ನು ನಮ್ಮ ಪುರಾಣ ಹನುಮಂತನೆಂದು ಕರೆಯಿತು. ಅಲ್ಲಿ ಪೆಟ್ಟು ಎಲ್ಲರಿಗೂ ಕಂಡಿತ್ತು.

ಇಲ್ಲಿ ಅನೇಕ ಮಕ್ಕಳಿಗೆ ನೋವೇ ಇರುವುದಿಲ್ಲ. ಬಾಯಿ ತೆರೆದಾಗ ದವಡೆ ಒಂದೆಡೆಗೆ ಸರಿಯುವುದು, ಬಾಯಿ ಮೊದಲಿನಷ್ಟು ತೆರೆಯದಿರುವುದು, ಸಂಕ್ರಾಂತಿಯ ಕಬ್ಬನ್ನು ಮಗು ಕಚ್ಚದೆ ಬದಿಗಿಡುವುದು ಸೂಚನೆಗಳಾಗಬಹುದು. ರಕ್ತಪರೀಕ್ಷೆ ಸರಿಯಿದ್ದ ಮಾತ್ರಕ್ಕೆ ಕೀಲು ನಿರೋಗಿಯೆನ್ನಲಾಗದು. ಎಕ್ಸ್‌ರೇ ತೋರಿಸುವುದು ಮೂಳೆ ಸವೆದ ಮೇಲಿನ ಸ್ಥಿತಿಯನ್ನು; ಆರಂಭದ ಉರಿಯೂತವನ್ನು ಕಾಣಲು ರಕ್ತನಾಳಕ್ಕೆ ದ್ರಾವಣ ನೀಡಿ ತೆಗೆದ ಎಂ.ಆರ್.ಐ. ಚಿತ್ರವೇ ಬೇಕು.

ಮೈಸೂರಿನಲ್ಲಿ ಎರಡೂ ಬಗೆಯ ತಜ್ಞತೆಗೆ ನೆಲೆಯಿದೆ. 1924ರಲ್ಲಿ ಬೆಂಗಳೂರಿನಲ್ಲಿ ಆರಂಭಗೊಂಡು 1930ರಲ್ಲಿ ಇಲ್ಲಿಗೆ ಬಂದ ವೈದ್ಯಕೀಯ ಕಾಲೇಜಿಗೆ ಸೇರಿದ ಚೆಲುವಾಂಬ ಆಸ್ಪತ್ರೆ ಮಕ್ಕಳದು. 1986ರಲ್ಲಿ ಸ್ಥಾಪಿತವಾದ ಜೆ.ಎಸ್.ಎಸ್. ದಂತ ಮಹಾವಿದ್ಯಾಲಯ ಹಲ್ಲು-ದವಡೆಗಳದು. ಎಲ್ಲ ಊರುಗಳಲ್ಲಿಯೂ ಊದಿದ ಮೊಣಕಾಲು ಒಂದು ಬಾಗಿಲಿಗೂ ಓರೆಯಾದ ಗದ್ದ ಇನ್ನೊಂದು ಬಾಗಿಲಿಗೂ ಹೋಗುವುದು ಸಹಜ. ದಂತವೈದ್ಯರು ಮಗುವಿನ ಮೊಣಕಾಲನ್ನು ವಿಚಾರಿಸಬೇಕು. ಮಕ್ಕಳ ವೈದ್ಯರು ಪ್ರತಿ ಭೇಟಿಯಲ್ಲಿಯೂ ಬಾಯಿ ಎಷ್ಟು ತೆರೆಯುತ್ತದೆಂಬುದನ್ನು ಅಳೆದು ಬರೆದಿಡಬೇಕು. ಇದಕ್ಕೆ ಬೇಕಾದುದು ಒಂದು ಅಳತೆಪಟ್ಟಿ.

ಅಂತಹ ದಾಖಲೆಯಿದ್ದಲ್ಲಿ ಮೆಥೊಟ್ರೆಕ್ಸೇಟ್ ಮತ್ತು ಜೈವಿಕ ಔಷಧಗಳಿಂದ ಉರಿಯೂತವನ್ನು ಬೇಗನೆ ತಗ್ಗಿಸಿ, ಹಲ್ಲಿನ ಮೇಲೆ ಕೂರುವ ಸಾಧನದಿಂದ ದವಡೆಗೆ ಆಸರೆ ನೀಡಬಹುದು. ಕೀಲಿಗೇ ಪದೇ ಪದೇ ಸ್ಟೀರಾಯ್ಡ್ ಚುಚ್ಚುವುದನ್ನು ಬೆಳೆಯುವ ಮಕ್ಕಳಲ್ಲಿ ಈಗ ತಜ್ಞರು ಒಪ್ಪುವುದಿಲ್ಲ. ಕಾಲ ಮೀರಿದವರಿಗೆ ಉಳಿಯುವುದು ಶಸ್ತ್ರಚಿಕಿತ್ಸೆ. ಅದಕ್ಕೂ ಸಾಮಾನ್ಯವಾಗಿ ಬೆಳವಣಿಗೆ ಮುಗಿದು ರೋಗ ಶಾಂತವಾಗುವವರೆಗೆ ಕಾಯಬೇಕು.