ಎರಡು ಸೊನ್ನೆಗೆ ಬೆದರಿದ ಆಕಾಶ

1999ರ ಆರಂಭದಲ್ಲಿ ಚೀನಾದಿಂದ ಹೊರಟ ಸುದ್ದಿಯೊಂದು ಪ್ರಪಂಚದ ಪತ್ರಿಕೆಗಳಲ್ಲೆಲ್ಲ ಸುತ್ತಾಡಿತು. ಬರಲಿರುವ ವರ್ಷದ ಮೊದಲ ದಿನ ಅಲ್ಲಿನ ವಿಮಾನ ಸಂಸ್ಥೆಗಳ ಮುಖ್ಯಸ್ಥರೆಲ್ಲ ಖುದ್ದಾಗಿ ಆಕಾಶದಲ್ಲಿ ಹಾರುತ್ತಿರಬೇಕು ಎಂಬುದು ಸರ್ಕಾರದ ಫರ್ಮಾನು. ಕಂಪ್ಯೂಟರ್‌ಗಳನ್ನು ಸರಿಪಡಿಸಿದ್ದೇವೆ ಎಂದು ಕಾಗದದಲ್ಲಿ ಬರೆದುಕೊಟ್ಟರೆ ಸಾಲದು, ಕುಳಿತು ಹಾರಿ ತೋರಿಸಿ ಎಂದ ಹಾಗೆ. ನೂರು ಸುತ್ತೋಲೆಗಳಿಂದ ಆಗದ ಕೆಲಸ ಇದೊಂದರಿಂದ ಆಗಿದ್ದರೆ ಆಶ್ಚರ್ಯವಿಲ್ಲ.

ಇಸವಿ ಬದಲಾದಾಗ ಕಂಪ್ಯೂಟರ್‌ಗಳು ಕೈಕೊಡುತ್ತವೆ ಎಂಬ ಈ ದಿಗಿಲಿನ ಬೇರು ಇದ್ದದ್ದು ಹಳೆಯ ಕಾಲದ ಜಿಪುಣತನದಲ್ಲಿ. ಮೆಮೊರಿ ದುಬಾರಿಯಾಗಿದ್ದ, ಪಂಚ್ ಕಾರ್ಡಿನಲ್ಲಿ ಬರೀ 80 ಕಾಲಂ ಇದ್ದ ದಿನಗಳಲ್ಲಿ ಪ್ರೋಗ್ರಾಮರ್‌ಗಳು 1967 ಎನ್ನುವ ಬದಲು 67 ಎಂದಷ್ಟೇ ಬರೆದರು. ಆ ಪ್ರೋಗ್ರಾಮುಗಳು 2000ದವರೆಗೂ ಬಾಳುತ್ತವೆಂದು ಬಹುಪಾಲು ಜನರಿಗೆ ಅನಿಸಿರಲಿಲ್ಲ. ಬಾಳಿದವು. 99ರ ನಂತರ ಬರುವ 00 ಅನ್ನು ಯಂತ್ರ 1900 ಎಂದುಕೊಂಡರೆ ಲೆಕ್ಕವೆಲ್ಲ ತಲೆಕೆಳಗು.

ಜನಸಾಮಾನ್ಯರ ಕಣ್ಣಿಗೆ ಕಟ್ಟಿದ್ದು ಮಧ್ಯರಾತ್ರಿ ಆಕಾಶದಿಂದ ಉದುರುವ ವಿಮಾನ. ಆದರೆ ವಿಮಾನವನ್ನು ಹಾರಿಸುವ ಎಂಜಿನ್ನಾಗಲಿ ರೆಕ್ಕೆಯ ಚಲನೆಯಾಗಲಿ ಇಸವಿ ಕೇಳಿ ಕೆಲಸ ಮಾಡುವುದಿಲ್ಲ. ಬೋಯಿಂಗ್, ಏರ್‌ಬಸ್ ಕಂಪನಿಗಳು ತಪಾಸಣೆ ಮಾಡಿ, ಹಾರಾಟದ ಸುರಕ್ಷತೆಗೆ ಅಪಾಯವಿಲ್ಲ ಎಂದವು. ನಿಜವಾದ ಆತಂಕ ಇದ್ದದ್ದು ನೆಲದ ಮೇಲೆ.

ಅಮೆರಿಕದ ಫೆಡರಲ್ ಏವಿಯೇಷನ್ ಅಡ್ಮಿನಿಸ್ಟ್ರೇಷನ್‌ನ (ಎಫ್‌ಎಎ) ಕಥೆ ಕೇಳಿ. ಆ ದೇಶದ ವಾಯುಮಾರ್ಗಗಳನ್ನು ನಿಯಂತ್ರಿಸುವ ಕೇಂದ್ರಗಳಲ್ಲಿ ಐಬಿಎಂ 3083 ಎಂಬ ಹಳೆಯ ಮೇನ್‌ಫ್ರೇಮ್‌ಗಳಿದ್ದವು. ಅವು 2000ಕ್ಕೆ ತಡೆದುಕೊಳ್ಳುತ್ತವೆಯೇ ಎಂಬ ಪ್ರಶ್ನೆಗೆ ಐಬಿಎಂ ಕೈಚೆಲ್ಲಿತು: ಆ ಯಂತ್ರದ ಒಳಗಿನ ಮೈಕ್ರೋಕೋಡ್ ಬಲ್ಲವರು ಈಗ ನಮ್ಮಲ್ಲಿಲ್ಲ, ಹೊಸ ಯಂತ್ರ ಹಾಕಿಕೊಳ್ಳಿ. ಎಫ್‌ಎಎ ಅಷ್ಟಕ್ಕೇ ಸುಮ್ಮನಾಗದೆ ನಿವೃತ್ತ ಪ್ರೋಗ್ರಾಮರ್‌ಗಳನ್ನು ಕರೆಸಿ ಕೋಡ್ ಬಿಚ್ಚಿಸಿ ನೋಡಿತು. ಒಳಗೆ ಸಿಕ್ಕಿದ್ದು ಬೇರೆಯದೇ ಕ್ಯಾಲೆಂಡರ್! 1975 ಅನ್ನು ಒಂದನೇ ವರ್ಷ ಎಂದಿಟ್ಟುಕೊಂಡು ಅದು 32ರವರೆಗೆ ಎಣಿಸುತ್ತಿತ್ತು. ಅಂದರೆ 2000 ಅದಕ್ಕೆ ಒಂದು ಸಾಮಾನ್ಯ ವರ್ಷ, ಎಡವುವುದಿದ್ದರೆ 2007ರಲ್ಲಿ. ಆದರೂ ಎಫ್‌ಎಎ ಯಂತ್ರಗಳನ್ನು ಬದಲಿಸಿಯೇ ಬಿಟ್ಟಿತು. 1999ರ ಏಪ್ರಿಲ್ 10ರ ರಾತ್ರಿ ಡೆನ್ವರ್ ವಿಮಾನ ನಿಲ್ದಾಣದಲ್ಲಿ ಗಡಿಯಾರವನ್ನು ಡಿಸೆಂಬರ್ 31ಕ್ಕೆ ತಿರುಗಿಸಿ ಪರೀಕ್ಷೆಯನ್ನೂ ನಡೆಸಿತು.

ಅಮೆರಿಕ ಸಿದ್ಧವಾದರೆ ಮುಗಿಯಿತೇ? ಅಂತರರಾಷ್ಟ್ರೀಯ ವಿಮಾನ ಒಂದೇ ರಾತ್ರಿಯಲ್ಲಿ ಹಲವು ದೇಶಗಳ ರೇಡಾರ್, ದೂರವಾಣಿ, ವಿದ್ಯುತ್ತನ್ನು ನಂಬಿ ಸಾಗುತ್ತದೆ. ಸಾಗುವ ದಾರಿಯಲ್ಲಿ ಒಂದು ನಿಯಂತ್ರಣ ಕೇಂದ್ರ ಕಣ್ಣು ಮುಚ್ಚಿದರೂ ಫಜೀತಿಯೇ. ಹಾಗಾಗಿ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯು, ನಿಮ್ಮ ಸಿದ್ಧತೆ ಎಲ್ಲಿಗೆ ಬಂತು ಎಂದು 1999ರ ಜುಲೈ 1ರೊಳಗೆ ಪ್ರಕಟಿಸುವಂತೆ ಸದಸ್ಯ ರಾಷ್ಟ್ರಗಳನ್ನು ಕೇಳಿತು. ಅದಕ್ಕಿಂತ ಬಿಗಿಯಾಗಿ ಕಿವಿ ಹಿಂಡಿದವರು ವಿಮೆಯವರು. ದಿನಾಂಕದ ದೋಷದಿಂದಾಗುವ ನಷ್ಟಕ್ಕೆ ನಾವು ಹೊಣೆಯಲ್ಲ ಎಂಬ ಷರತ್ತನ್ನು ಲಂಡನ್ನಿನ ವಿಮಾನ ವಿಮೆ ಮಾರುಕಟ್ಟೆ ರೂಪಿಸಿತು. ರಕ್ಷಣೆ ಮರಳಿ ಬೇಕೆಂದರೆ ಸಿದ್ಧತೆಯ ಬಗ್ಗೆ ಉತ್ತರ ಕೊಡಬೇಕಿತ್ತು. ವಿಮೆಯಿಲ್ಲದೆ ಯಾವ ವಿಮಾನ ಮೇಲೇರೀತು?

ಈ ತಿದ್ದುಪಡಿಯ ಭರಾಟೆಯಲ್ಲೇ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಿಗೂ ಕೈತುಂಬ ಕೆಲಸ ಸಿಕ್ಕಿತು. ಪಶ್ಚಿಮದ ಕಂಪನಿಗಳ ಹಳೆಯ ಕೋಬಾಲ್ ಪ್ರೋಗ್ರಾಮುಗಳ ಸಾಲುಗಳನ್ನು ಹೆಕ್ಕಿ ಹೆಕ್ಕಿ ಸರಿಪಡಿಸಿದ ಎಂಜಿನಿಯರ್‌ಗಳ ಪೈಕಿ ಕನ್ನಡಿಗರೂ ಇದ್ದರು.

ಕೊನೆಗೂ ಆ ರಾತ್ರಿ ಬಂತು. ವಿಮಾನಯಾನದ ಗಡಿಯಾರಕ್ಕೆ ಊರೂರಿನ ಮಧ್ಯರಾತ್ರಿ ಲೆಕ್ಕಕ್ಕಿಲ್ಲ, ಅದು ಗ್ರೀನಿಚ್ ಸಮಯದಲ್ಲಿ ಓಡುತ್ತದೆ. ಅದರ ಪ್ರಕಾರ ವರ್ಷ ಬದಲಾದದ್ದು ವಾಷಿಂಗ್ಟನ್ನಿನಲ್ಲಿ ಇನ್ನೂ ಸಂಜೆ 7 ಗಂಟೆಗೆ. ನಮ್ಮಲ್ಲಿ ಹೊಸ ವರ್ಷದ ಗದ್ದಲ ಮುಗಿದು ಬೆಳಗಿನ ಜಾವ 5.30ಕ್ಕೆ. ಎಫ್‌ಎಎ ಮುಖ್ಯಸ್ಥೆ ಜೇನ್ ಗಾರ್ವೆ ಆ ಹೊತ್ತಿಗೆ ಸರಿಯಾಗಿ ಮೇಲಿರುವಂತೆ ಪ್ರಯಾಣಿಕರ ವಿಮಾನವೊಂದರಲ್ಲಿ ಪತ್ರಕರ್ತರ ಜೊತೆ ಪಶ್ಚಿಮಕ್ಕೆ ಹೊರಟಿದ್ದರು. ಭಾರತದ ಮಟ್ಟಿಗಂತೂ ಆ ವಾರ ವಿಮಾನದ ಭಯಕ್ಕೆ ಕಂಪ್ಯೂಟರ್ ಬೇಕಿರಲಿಲ್ಲ. ಡಿಸೆಂಬರ್ 24ರಂದು ಅಪಹರಣಕ್ಕೊಳಗಾದ ಭಾರತದ ಐಸಿ 814 ವಿಮಾನದ ಪ್ರಯಾಣಿಕರು ಕಂದಹಾರ್‌ನಿಂದ ಬಿಡುಗಡೆಯಾಗಿ ದೆಹಲಿಗೆ ಮರಳಿದ್ದು ಅದೇ 31ರ ರಾತ್ರಿ.

ಯಾವ ವಿಮಾನವೂ ಬೀಳಲಿಲ್ಲ. ಮರುದಿನದಿಂದಲೇ ಇನ್ನೊಂದು ರಾಗ ಶುರುವಾಯಿತು: ಇದೆಲ್ಲ ಸುಳ್ಳೇ ಎಬ್ಬಿಸಿದ ಗುಲ್ಲು, ಹಣ ನೀರುಪಾಲು. ಹಾಗೆನ್ನುವವರು ಒಂದು ವಿವರ ಗಮನಿಸಬೇಕು. ಇಳಿಯುವ ವಿಮಾನಗಳಿಗೆ ನೆಲದ ಹತ್ತಿರದ ಗಾಳಿಯ ಹಠಾತ್ ಹೊಯ್ದಾಟದ ಎಚ್ಚರಿಕೆ ಕೊಡುವ ವ್ಯವಸ್ಥೆ ನ್ಯೂಯಾರ್ಕ್, ಷಿಕಾಗೊ, ಅಟ್ಲಾಂಟಾ, ಡೆನ್ವರ್ ಸೇರಿದಂತೆ ಅಮೆರಿಕದ ಹಲವು ನಿಲ್ದಾಣಗಳಲ್ಲಿ ದಿನಾಂಕ ಬದಲಾಗುವಾಗ ಕೈಕೊಟ್ಟಿತ್ತು. ಕಾಯುತ್ತ ಕುಳಿತಿದ್ದ ತಂತ್ರಜ್ಞರು ಆ ಕಂಪ್ಯೂಟರ್‌ಗಳನ್ನು ರೀಸ್ಟಾರ್ಟ್ ಮಾಡಿ ಸರಿಪಡಿಸಿದರು. ವರ್ಷಗಟ್ಟಲೆ ತಿದ್ದಿದ ಮೇಲೂ ಉಳಿದಿದ್ದ ದೋಷ ಅದು.