ಕೇಳುವವರು ಯಾರು?

2015ರ ಮುಂಗಾರಿನ ಹೊತ್ತಿಗೆ ಮಂಡ್ಯ ಜಿಲ್ಲೆ ದಿನವೂ ಪತ್ರಿಕೆಗಳ ಮುಖಪುಟದಲ್ಲಿತ್ತು. ಕಬ್ಬಿಗೆ ಬೆಲೆ ಇರಲಿಲ್ಲ, ಕಾರ್ಖಾನೆಗಳು ಬಾಕಿ ತೀರಿಸಿರಲಿಲ್ಲ, ರೈತರು ಒಬ್ಬರ ಹಿಂದೊಬ್ಬರು ಜೀವ ಕಳೆದುಕೊಳ್ಳುತ್ತಿದ್ದರು. ಸಾವಿನ ಮನೆಯ ಮುಂದೆ ಕಾರುಗಳು ನಿಂತವು. ಮಂತ್ರಿಗಳು, ವಿರೋಧ ಪಕ್ಷದವರು, ದೆಹಲಿಯ ನಾಯಕರು ಬಂದು ಹೋದರು. ಬಂದವರೆಲ್ಲರ ಪ್ರಶ್ನೆ ಒಂದೇ: ಯಾಕೆ ಹೀಗಾಯ್ತು? ಆದರೆ ಉತ್ತರ ಮಾತ್ರ ಕೇಳಿದವರ ಕಸುಬಿಗೆ ತಕ್ಕಂತೆ ಬೇರೆ ಬೇರೆಯಾಗಿತ್ತು.

ಇದು ಹೊಸದೇನಲ್ಲ. ರೈತರ ಆತ್ಮಹತ್ಯೆಯ ಕಾರಣ ಹುಡುಕಲು ರಾಜ್ಯ ಸರ್ಕಾರ ನೇಮಿಸಿದ್ದ ಸಮಿತಿ 2002ರಲ್ಲಿ ವರದಿ ಕೊಟ್ಟಿತು. ಅದರ ಅಧ್ಯಕ್ಷರು ಜಿ.ಕೆ. ವೀರೇಶ್. ಅವರು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದವರು, ವೃತ್ತಿಯಿಂದ ಕೀಟಶಾಸ್ತ್ರಜ್ಞರು. ಸಾಲವೊಂದನ್ನೇ ದೂರುವಂತಿಲ್ಲ, ಕುಡಿತ ಮತ್ತು ಮನೆಯ ಜಗಳಗಳೂ ಕಾರಣ ಎಂದ ಆ ವರದಿ ಸಾಕಷ್ಟು ಟೀಕೆಯನ್ನೂ ಎದುರಿಸಿತು. ಮೈಸೂರು ವಿಶ್ವವಿದ್ಯಾಲಯದ ರಾಜ್ಯಶಾಸ್ತ್ರಜ್ಞ ಮುಜಾಫರ್ ಅಸಾದಿ ಅವರಿಗೆ ಇದೇ ಸಾವುಗಳಲ್ಲಿ ಕಂಡದ್ದು ಗ್ರಾಮೀಣ ಆರ್ಥಿಕತೆಯ ಸಂಕಟ. ರೈತ ಚಳವಳಿಯ ಮೇಲೆ ಕೆಲಸ ಮಾಡಿದವರಿಗೆ ಅದೇ ಮೊದಲು ಕಾಣುವುದು ಸಹಜ. ಬಿಜಾಪುರದ ಹಳ್ಳಿಗಳಲ್ಲಿ ಮಳೆ-ಬೆಳೆಯ ಬದುಕನ್ನು ಅಧ್ಯಯನ ಮಾಡಿದ್ದ ಮಾನವಶಾಸ್ತ್ರಜ್ಞೆ ಎ.ಆರ್. ವಸವಿ 2012ರಲ್ಲಿ ‘ಶ್ಯಾಡೋ ಸ್ಪೇಸ್’ ಎಂಬ ಪುಸ್ತಕವನ್ನೇ ಬರೆದರು. ಒಂಟಿಯಾಗುತ್ತ ಹೋದ ಬೇಸಾಯಗಾರನ ಮೇಲೆ ಅವರ ಕಣ್ಣು ಬಿತ್ತು.

ಇವರಲ್ಲಿ ಯಾರದು ಸುಳ್ಳು? ನನಗನ್ನಿಸುವಂತೆ ಯಾರದೂ ಅಲ್ಲ. ಆದರೆ ಸಂಶೋಧಕರು ಎಲ್ಲಿಂದ ಬಂದರು, ಏನು ಓದಿದ್ದರು, ಮೊದಲು ಎಲ್ಲಿ ಓಡಾಡಿದ್ದರು ಎಂಬುದನ್ನು ತಿಳಿಯದೆ ಸಂಶೋಧನೆಯ ಸಾರಾಂಶ ಮಾತ್ರ ಓದಿದರೆ ಅರ್ಧ ಓದಿದಂತೆ. ಮನಸ್ಸಿನ ವಿಷಯದಲ್ಲಂತೂ ಇದು ಇನ್ನೂ ನಿಜ. ಮಣ್ಣನ್ನು ಪರೀಕ್ಷೆಗೆ ಕಳಿಸಬಹುದು, ಸಾಲದ ಲೆಕ್ಕವನ್ನು ಬ್ಯಾಂಕಿನಲ್ಲಿ ತೆಗೆಸಬಹುದು. ಒಬ್ಬ ಮನುಷ್ಯ ರಾತ್ರಿಯಿಡೀ ನಿದ್ದೆಯಿಲ್ಲದೆ ಹೊರಳಾಡಿದ್ದು ಗೊತ್ತಾಗಬೇಕಾದರೆ ಅವನೇ ಬಾಯಿಬಿಡಬೇಕು, ಅದೂ ಕೇಳುವವರನ್ನು ನಂಬಿದರೆ.

ಹಾಗೆ ನೋಡಿದರೆ ಮನಶ್ಶಾಸ್ತ್ರ ಮಂಡ್ಯದ ಪಕ್ಕದ ಮನೆಗೇ ಬಹಳ ಬೇಗ ಬಂದಿತ್ತು. ಕಲ್ಕತ್ತ ವಿಶ್ವವಿದ್ಯಾಲಯದಲ್ಲಿ 1916ರಲ್ಲಿ ಮನಶ್ಶಾಸ್ತ್ರ ವಿಭಾಗ ಶುರುವಾದ ಮೇಲೆ ದೇಶದ ಎರಡನೆಯದು 1924ರಲ್ಲಿ ಮೈಸೂರಿನಲ್ಲಿ ತೆರೆಯಿತು. ಕಟ್ಟಿದವರು ಎಂ.ವಿ. ಗೋಪಾಲಸ್ವಾಮಿ. ಬುದ್ಧಿಶಕ್ತಿಯನ್ನು ಅಳೆಯುವ ಕೆಲಸಕ್ಕೆ ಹೆಸರಾಗಿದ್ದ ಸ್ಪಿಯರ್‌ಮನ್ ಬಳಿ ಲಂಡನ್ನಿನಲ್ಲಿ ಸಂಶೋಧನೆ ಮಾಡಿ ಬಂದವರು. ಪಾಶ್ಚಾತ್ಯ ಪರೀಕ್ಷೆಗಳನ್ನು ನಮ್ಮ ಮಕ್ಕಳಿಗೆ ಒಗ್ಗಿಸುವ ಕೆಲಸದಲ್ಲಿ ತೊಡಗಿದವರು. ಆದರೂ ಜನ ಇವತ್ತು ಅವರನ್ನು ನೆನೆಯುವುದು ರೇಡಿಯೊ ಕಾರಣಕ್ಕೆ: 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಮೂವತ್ತು ವಾಟ್‌ನ ಪುಟ್ಟ ಪ್ರಸಾರಯಂತ್ರವಿಟ್ಟು ‘ಆಕಾಶವಾಣಿ’ ಶುರು ಮಾಡಿದವರು ಅವರೇ. ಮನಸ್ಸಿನ ಮೇಷ್ಟರಿಗೆ ರೇಡಿಯೊ ಯಾಕೆ ಎಂದು ಕೇಳುವವರಿರಬಹುದು. ಕಾಣದ ಜನರ ಕಿವಿಗೆ ಮಾತು ತಲುಪಿಸುವ ಆಸೆ ಮನಶ್ಶಾಸ್ತ್ರದ ಮೇಷ್ಟರಿಗೆ ಹುಟ್ಟಿದ್ದರಲ್ಲಿ ನನಗಂತೂ ಆಶ್ಚರ್ಯವಿಲ್ಲ.

ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಓದಿ 1947ರಲ್ಲಿ ಚಿನ್ನದ ಪದಕದೊಂದಿಗೆ ಬಿ.ಎ. ಮುಗಿಸಿದ ಒಬ್ಬ ಹುಡುಗಿ ಮಂಡ್ಯದ ಶಾಲೆಯಲ್ಲಿ ಕಲಿತವಳು. ಬೆಳ್ಳೂರು ಮೂಲದ ಮನೆತನ, ಬಿ.ಎಂ.ಶ್ರೀ ಅವರ ಸೋದರನ ಮಗಳು. ಹೆಸರು ಅನಸೂಯಾ. ಓದುಗರಿಗೆ ತ್ರಿವೇಣಿ. ಪ್ರಯೋಗಾಲಯಕ್ಕೆ ಹೋಗದೆ, ಪ್ರಬಂಧ ಮಂಡಿಸದೆ, ಈ ಸೀಮೆಯ ಹೆಣ್ಣುಮಕ್ಕಳ ಮನಸ್ಸನ್ನು ಅವರಷ್ಟು ಜನಕ್ಕೆ ಮುಟ್ಟಿಸಿದವರು ಇನ್ನೊಬ್ಬರಿಲ್ಲ. ‘ಶರಪಂಜರ’ ಕಾದಂಬರಿಯ ಕಾವೇರಿ ಹೆರಿಗೆಯ ನಂತರ ಕಾಯಿಲೆ ಬೀಳುತ್ತಾಳೆ, ಆಸ್ಪತ್ರೆಯಲ್ಲಿ ಗುಣವಾಗುತ್ತಾಳೆ, ಮನೆಗೆ ಬರುತ್ತಾಳೆ. ಆಮೇಲೆ ಶುರುವಾಗುವುದೇ ನಿಜವಾದ ಕಷ್ಟ. ಅವಳು ಜೋರಾಗಿ ನಕ್ಕರೂ ಅನುಮಾನ, ಸುಮ್ಮನೆ ಕೂತರೂ ಅನುಮಾನ. ಗಂಡನೂ ಅವಳಿಗೆ ಹೆಗಲಾಗುವುದಿಲ್ಲ. ರೋಗ ವಾಸಿಯಾದರೂ ಮನೆಯವರ ಕಣ್ಣು ವಾಸಿಯಾಗದು ಎಂಬುದನ್ನು ತ್ರಿವೇಣಿ ಆ ಕಾಲದಲ್ಲೇ ಕತೆಯಲ್ಲಿ ಹೇಳಿದ್ದರು. 1963ರಲ್ಲಿ, ಇನ್ನೂ ಮೂವತ್ತೈದು ತುಂಬುವ ಮೊದಲೇ, ಹೆರಿಗೆಯ ಬೆನ್ನಲ್ಲೇ ತೀರಿಕೊಂಡರು.

ಬೆಂಗಳೂರಿನ ಕಡೆ ನೋಡಿದರೆ 1954ರ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೇ 1974ರಲ್ಲಿ ನಿಮ್ಹಾನ್ಸ್ ಆಯಿತು. ಅಲ್ಲಿದ್ದವರ ಆಸಕ್ತಿಗಳೂ ವಿಚಿತ್ರವಾಗಿ ಹರಡಿಕೊಂಡಿದ್ದವು. ಮನಶ್ಶಾಸ್ತ್ರ ಬೋಧಿಸುತ್ತಿದ್ದ ಎಸ್.ಕೆ. ರಾಮಚಂದ್ರರಾವ್ ಆಗಮ, ಪ್ರತಿಮಾಶಾಸ್ತ್ರಗಳ ಕೋಶಗಳನ್ನೇ ಬರೆದರು. ಆರ್.ಎಲ್. ಕಪೂರ್ ಸ್ಕಾಟ್ಲೆಂಡಿನ ಮನೋವೈದ್ಯ ಕಾರ್‌ಸ್ಟೇರ್ಸ್ ಜೊತೆ ಕೋಟ ಎಂಬ ಕರಾವಳಿ ಹಳ್ಳಿಗೆ ಹೋದರು. ಬ್ರಾಹ್ಮಣ, ಬಂಟ, ಮೊಗವೀರ ಮನೆಗಳಿಗೆ ಹೋಗಿ ಮಾತಾಡಿಸಿ 1976ರಲ್ಲಿ ಪುಸ್ತಕ ತಂದರು. ಜನ ಡಾಕ್ಟರ ಹತ್ತಿರವೂ ಹೋಗುತ್ತಾರೆ, ಮಂತ್ರವಾದಿ, ಪಾತ್ರಿಗಳ ಹತ್ತಿರವೂ ಹೋಗುತ್ತಾರೆ, ಎರಡಕ್ಕೂ ಅವರಿಗೆ ವಿರೋಧವಿಲ್ಲ ಎಂಬುದನ್ನು ಕಪೂರ್ ತಾತ್ಸಾರವಿಲ್ಲದೆ ದಾಖಲಿಸಿದರು. ಕೊನೆಗಾಲದಲ್ಲಿ ಅವರು ಸಾಧು-ಸನ್ಯಾಸಿಗಳ ಬೆನ್ನು ಹತ್ತಿದ್ದರಲ್ಲಿ ಒಂದು ಕ್ರಮವಿದೆ ಅನ್ನಿಸುತ್ತದೆ.

ಮಳವಳ್ಳಿ ಕಡೆಯವರಿಗೆ ಕಪೂರ್ ಕಂಡದ್ದು ಅಪರಿಚಿತವಲ್ಲ. ಬೊಪ್ಪೇಗೌಡನಪುರದ ಮಂಟೇಸ್ವಾಮಿ ಗದ್ದಿಗೆಗೆ ಹರಕೆ ಹೊತ್ತು, ಅದೇ ವಾರ ಮಂಡ್ಯದ ಆಸ್ಪತ್ರೆಗೆ ಚೀಟಿ ಮಾಡಿಸುವುದರಲ್ಲಿ ಯಾರಿಗೂ ಇರುಸುಮುರುಸಿಲ್ಲ. ತಾಲ್ಲೂಕು ಆಸ್ಪತ್ರೆಯ ಬೆಂಚಿನ ಮೇಲೆ ಕೂತ ಗೌಡರು ‘ಮನಸ್ಸಿಗೆ ಬೇಜಾರು’ ಎಂದು ಮೊದಲಿಗೇ ಹೇಳುವುದಿಲ್ಲ. ‘ಕೈಕಾಲು ಸೋಲು ಬತ್ತವೆ ಸಾ, ಎದೆ ಢವಢವ ಅಂತದೆ, ಊಟ ಸೇರಾಕಿಲ್ಲ’ ಅನ್ನುತ್ತಾರೆ. ಬಿಪಿ ನೋಡಿ, ವಿಟಮಿನ್ ಮಾತ್ರೆ ಬರೆದು ಕಳಿಸುವ ಡಾಕ್ಟರು ಕೆಟ್ಟವರಲ್ಲ, ಹೊರಗೆ ಇನ್ನೂ ಐವತ್ತು ಜನ ಕಾದಿರುತ್ತಾರೆ. ‘ಎಷ್ಟು ದಿವಸದಿಂದ ಗೌಡ್ರೆ? ಮಗಳ ಮದುವೆ ಆದಾಗಿಂದ್ಲಾ?’ ಎಂದು ಕೇಳಬೇಕಾದರೆ ಆ ಮದುವೆಗೆ ಎಷ್ಟು ಕೈಸಾಲ ಆಗಿರಬಹುದೆಂಬ ಅಂದಾಜು ಕೇಳುವವರಿಗೆ ಇರಬೇಕು. ಡಾಕ್ಟರಿಗೂ ರೋಗಿಗೂ ನಡುವೆ ಕನ್ನಡದಲ್ಲಿ ಸೇತುವೆ ಕಟ್ಟಿದ ಸಿ.ಆರ್. ಚಂದ್ರಶೇಖರ್, ಮದ್ದೂರಿನ ನೆರೆಯ ಚನ್ನಪಟ್ಟಣವನ್ನು ಹೆಸರಿನಲ್ಲೇ ಇಟ್ಟುಕೊಂಡವರು. ನಿಮ್ಹಾನ್ಸ್‌ನ ಪ್ರಾಧ್ಯಾಪಕರಾಗಿದ್ದೂ ಅವರು ಸಾಮಾನ್ಯರಿಗಾಗಿ ರಾಶಿ ರಾಶಿ ಪುಸ್ತಕ ಬರೆದರು. 2024ರಲ್ಲಿ ಪದ್ಮಶ್ರೀ ಬಂತು. ಈಗ 14416ಕ್ಕೆ ಫೋನ್ ಮಾಡಿದರೆ ಟೆಲಿ ಮಾನಸ್ ಸಹಾಯವಾಣಿಯವರು ಕನ್ನಡದಲ್ಲೇ, ದುಡ್ಡಿಲ್ಲದೆ ಮಾತಾಡುತ್ತಾರೆ. ಗೊತ್ತಿಲ್ಲದವರಿಗೆ ತಿಳಿಸಿ.

ಮಂಡ್ಯವನ್ನು ಮನಸ್ಸಿಟ್ಟು ನೋಡಿದ ಹೊರಗಿನವರಲ್ಲಿ ನನಗೆ ಮುಖ್ಯರೆನಿಸುವವರು ಮನಶ್ಶಾಸ್ತ್ರದವರೇ ಅಲ್ಲ. ಸ್ಕಾರ್ಲೆಟ್ ಎಪ್‌ಸ್ಟೀನ್ ಅರ್ಥಶಾಸ್ತ್ರ, ಮಾನವಶಾಸ್ತ್ರ ಎರಡೂ ಬಲ್ಲವರು. ವಿಯೆನ್ನಾದ ಯಹೂದಿ ಮನೆಯ ಹುಡುಗಿ. 1938ರಲ್ಲಿ ನಾಜಿಗಳಿಂದ ಪಾರಾಗಿ ಊರು ಬಿಟ್ಟವರು, ಇಂಗ್ಲೆಂಡಿನಲ್ಲಿ ಬಟ್ಟೆ ಕಾರ್ಖಾನೆಯಲ್ಲಿ ದುಡಿದು ಆಮೇಲೆ ಓದಿದವರು. 1954ರಿಂದ 56ರವರೆಗೆ ಮಂಡ್ಯದ ಹತ್ತಿರದ ಎರಡು ಹಳ್ಳಿಗಳಲ್ಲಿದ್ದು, ಅವುಗಳಿಗೆ ವಂಗಲ, ದಲೇನ ಎಂಬ ಗುಪ್ತನಾಮ ಕೊಟ್ಟು 1962ರಲ್ಲಿ ಪುಸ್ತಕ ಪ್ರಕಟಿಸಿದರು. ವಂಗಲಕ್ಕೆ ನಾಲೆ ನೀರು ಬಂತು, ಕಬ್ಬು ಬಂತು, ಕೈಯಲ್ಲಿ ಕಾಸಾಡಿತು. ಊರಿನ ಕಟ್ಟುಪಾಡು ಮಾತ್ರ ಹೆಚ್ಚುಕಮ್ಮಿ ಹಾಗೇ ಉಳಿಯಿತು. ದಲೇನದ ಜಮೀನು ಎತ್ತರದಲ್ಲಿತ್ತು, ನೀರು ಹತ್ತಲಿಲ್ಲ. ಆ ಊರವರು ಗಾಡಿ ಹೂಡಿದರು, ಮಂಡ್ಯದಲ್ಲಿ ಕೆಲಸ ಹಿಡಿದರು, ವ್ಯಾಪಾರಕ್ಕಿಳಿದರು, ಬದಲಾದದ್ದು ಅವರೇ. ಬೇರು ಕಿತ್ತು ಇನ್ನೊಂದು ನೆಲಕ್ಕೆ ಬಂದು ಬದುಕು ಕಟ್ಟಿಕೊಂಡಿದ್ದ ಹೆಂಗಸಿಗೆ ನೀರು ಸಿಗದ ಊರಿನ ಕಡೆಗೂ ಅಷ್ಟೇ ಗಮನವಿದ್ದದ್ದು ಬರೀ ಕಾಕತಾಳೀಯ ಎಂದು ನನಗನ್ನಿಸುವುದಿಲ್ಲ. 1970ರಲ್ಲಿ ಅವರು ಮತ್ತೆ ಬಂದು ಅದೇ ಊರುಗಳನ್ನು ನೋಡಿ ಹೋದರು.

ಎಪ್‌ಸ್ಟೀನ್ ಕೇಳಿದಂಥ ಪ್ರಶ್ನೆಗಳು ಇವತ್ತೂ ಬಿದ್ದಿವೆ. ಮಳವಳ್ಳಿಯ ಕೊನೆಭಾಗದ ರೈತ ನಾಲೆಯಲ್ಲಿ ನೀರು ಬಿಟ್ಟರೆಂಬ ಸುದ್ದಿ ಕೇಳಿಯೂ ತನ್ನ ಗದ್ದೆಗೆ ಬರುವುದೋ ಇಲ್ಲವೋ ಎಂದು ಕಾಯುವ ದಿನಗಳಿವೆಯಲ್ಲ, ಆ ಕಾಯುವಿಕೆ ಮನುಷ್ಯನಿಗೆ ಏನು ಮಾಡುತ್ತದೆ? 2023ರಲ್ಲಿ ಬೆಂಗಳೂರು-ಮೈಸೂರು ದಶಪಥ ಹೆದ್ದಾರಿ ಶುರುವಾದ ಮೇಲೆ ಕಾರುಗಳು ಊರ ಹೊರಗಿನಿಂದಲೇ ಹಾರಿಹೋಗುತ್ತಿವೆ. ಮದ್ದೂರಿನ ಹಳೆ ರಸ್ತೆಯಲ್ಲಿ ವಡೆ ಕರಿದು, ಎಳನೀರು ಕೊಚ್ಚಿ ಬದುಕಿದವರು ಗಿರಾಕಿ ಇಲ್ಲದೆ ಕೂತಿದ್ದಾರೆ. ಅವರನ್ನು ಪ್ರಶ್ನಾವಳಿ ಹಿಡಿದು ‘ಕಳೆದ ಎರಡು ವಾರದಲ್ಲಿ ನಿಮಗೆ ಆಸಕ್ತಿ ಕಡಿಮೆಯಾಗಿದೆಯೇ’ ಎಂದು ಕೇಳುವ ಬದಲು, ‘ಅಣ್ಣ, ಚೀಟಿ ಕಂತು ಕಟ್ಟಿದ್ಯಾ ಈ ತಿಂಗಳು?’ ಎಂದು ಮೊದಲು ಕೇಳಬೇಕೆಂದು ಗೊತ್ತಿರುವ ಸಂಶೋಧಕ ಆ ರಸ್ತೆಯ ಅಂಗಡಿ ಮನೆಯೊಂದರಿಂದಲೇ ಮಾನಸಗಂಗೋತ್ರಿಗೆ ಎಂ.ಎ. ಓದಲು ಹೋಗಬೇಕು.